ಹೊಸಿಲ ಒಳಗಿನ ಮಾತು

ಹೆತ್ತವರ ಮರ್ಯಾದೆಗಾಗಿ ಮಗ ತನ್ನ ಸತ್ಯವನ್ನು ನುಂಗಿಕೊಳ್ಳಬೇಕೆ?

ಅಮೆರಿಕದ ಯಹೂದಿ ಕವಿ ಅಲೆನ್ ಗಿನ್ಸ್‌ಬರ್ಗ್ ಸಲಿಂಗಿ. 1956ರಲ್ಲಿ ಅವನ ಅವ್ವ ನಯೋಮಿ ಹುಚ್ಚಾಸ್ಪತ್ರೆಯಲ್ಲಿ ಸತ್ತಳು. ಮಣ್ಣಿಗಿಡುವಾಗ ಹತ್ತು ಗಂಡಸರು ನೆರೆಯಲಿಲ್ಲವೆಂದು, ಸತ್ತವರಿಗೆ ಸಲ್ಲಬೇಕಾದ 'ಕಡಿಶ್' ಪ್ರಾರ್ಥನೆಯನ್ನೇ ಹೇಳಲಿಲ್ಲ. ಮಗ ತಾನೇ 'ಕಡಿಶ್' ಬರೆದ. 1961ರಲ್ಲಿ ಅಚ್ಚಾದ ಆ ಕಾವ್ಯದಲ್ಲಿ ಅವ್ವನ ಹುಚ್ಚನ್ನೂ ಮುಚ್ಚಲಿಲ್ಲ, ತನ್ನ ಒಲವನ್ನೂ ಮುಚ್ಚಲಿಲ್ಲ.

ಅಪ್ಪ ಲೂಯಿಸ್ ಹೈಸ್ಕೂಲು ಮೇಷ್ಟ್ರಾಗಿದ್ದವ, ಹಳೇ ಧಾಟಿಯ ಕವಿ. ಮಗನ ಕಾವ್ಯದ ಬಗ್ಗೆ ತಕರಾರು ಇಟ್ಟುಕೊಂಡೇ ಅವನ ಜತೆ ಒಂದೇ ವೇದಿಕೆಯಲ್ಲಿ ಪದ್ಯ ಓದಿದ. 1976ರಲ್ಲಿ ಆ ಅಪ್ಪ ತೀರಿಕೊಂಡಾಗ ಐವತ್ತರ ಮಗ ತಪ್ಪೊಪ್ಪಿಗೆ ಬರೆಯಲಿಲ್ಲ, ಹಾಡು ಕಟ್ಟಿದ.

ನಾವು? ಅವ್ವನ ಬೆವರು, ಅಪ್ಪನ ಬೆನ್ನ ಬಾಸುಂಡೆ ಬರೀತೀವಿ. ಆದರೆ ಗಂಡನ್ನು ಪ್ರೀತಿಸೋ ಗಂಡು ನಮ್ಮದೇ ಮನೆಯಲ್ಲಿದ್ದರೆ, 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಅಂತೀವಿ. ಅದಕ್ಕೆ ಯಾರದೋ ಮಗಳ ಬಾಳನ್ನೂ ಬಲಿ ಕೊಡ್ತೀವಿ. ಇದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತು. ನಮ್ಮ ಹೊಸಿಲು ಇನ್ನೂ ಹೇಳಿಲ್ಲ.

ಗೆಳೆಯರೇ, ಮಗನ ಬಾಯಿ ಕಟ್ಟಿ ಉಳಿಸಿಕೊಳ್ಳುವ ಮರ್ಯಾದೆ ಅಪ್ಪ ಅವ್ವನದಲ್ಲ, ನಮ್ಮನ್ನು ಹೊರಗಿಟ್ಟ ಊರಿನದು.