ನೆರೆಯ ಕಾವಲು

ಕನ್ನಗಳ್ಳನು ಮನೆಯ ಬೀಗವನ್ನು ಮುರಿಯುವುದಕ್ಕೆ ಮೊದಲು ನೆರೆಹೊರೆಯವರ ಉದಾಸೀನವನ್ನು ಪರೀಕ್ಷಿಸಿ ನೋಡುತ್ತಾನೆ. ಬೀಗವು ಎಷ್ಟು ಬಲವಾದುದಾದರೂ, ಅದು ಮುರಿಯುವ ಸದ್ದನ್ನು ಕೇಳಿ ಎದ್ದು ಬರುವವರಿಲ್ಲದಿದ್ದರೆ ಅದರಿಂದ ಪ್ರಯೋಜನವೇನು? ಆದಕಾರಣ ಕಳವಿನ ನಿವಾರಣೆಯು ಕೇವಲ ಪೊಲೀಸರ ಕೆಲಸವೆಂದು ತಳ್ಳಿಬಿಡತಕ್ಕುದಲ್ಲ. ಪರರ ಮನೆಯನ್ನು ಕಾಯುವ ಹೊಣೆಯು ತನಗುಂಟೋ ಇಲ್ಲವೋ ಎಂಬ ಧರ್ಮಪ್ರಶ್ನೆಯು ಅದರಲ್ಲಿ ಅಡಗಿದೆ.

ಪೂರ್ವಿಕರು ಉಂಟೆಂದೇ ಬಗೆದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಗೋಪನೆಂಬ ಅಧಿಕಾರಿಯುಂಟು. ತನ್ನ ಮನೆಗೆ ಬಂದವರನ್ನೂ ಹೋದವರನ್ನೂ ತಿಳಿಸದ ಗೃಹಸ್ಥನು ಆ ರಾತ್ರಿಯ ಅಪರಾಧಕ್ಕೆ ತಾನೂ ಹೊಣೆಯಾಗುವನು. ಕಳ್ಳನ ಹೆಜ್ಜೆಯು ಊರಿನಿಂದ ಹೊರಟುದು ಕಾಣದಿದ್ದರೆ ದೋಷವು ಊರೊಡೆಯನದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಗುಬ್ಬಿ, ಕುಣಿಗಲು ಸೀಮೆಯ ಹಳ್ಳಿಗಳಲ್ಲಿ ಈ ಕಾವಲು ತಳವಾರ, ತೋಟಿಗಳ ಪಾಲಿಗೆ ಬಂದಿದ್ದಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು ರದ್ದಾದುವು. ಹುಟ್ಟಿನ ಕಾರಣದಿಂದ ಒಬ್ಬನ ತಲೆಯ ಮೇಲೆ ಹೊರಿಸಿದ ಚಾಕರಿಯು ತೊಲಗಿದುದು ನ್ಯಾಯವೇ. ಆದರೆ ಅವನೊಬ್ಬನು ಹೊತ್ತಿದ್ದ ಭಾರವನ್ನು ಎಲ್ಲರೂ ಹಂಚಿಕೊಳ್ಳಬೇಕಾಗಿದ್ದಿತು. 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆಂದು ಬೇರೆ ಕಾಯಿದೆಯೇ ಬಂದಿತು. ಕಾಯಿದೆಯು ದಳವನ್ನು ಕಟ್ಟಬಲ್ಲುದು, ನೆರೆಯವನ ಮೇಲಿನ ಅಕ್ಕರೆಯನ್ನು ಹುಟ್ಟಿಸಲಾರದು.

ಈಗಿನ ತುಮಕೂರಿನ ಸ್ಥಿತಿಯನ್ನು ನೋಡಬೇಕು. ಬೆಂಗಳೂರು ಸುಮಾರು 70 ಕಿಲೋಮೀಟರು ದೂರ. ಬೆಳಗಿನ ರೈಲಿಗೆ ಹೋದವರು ದೀಪ ಹಚ್ಚಿದ ಮೇಲೆ ಹಿಂದಿರುಗುತ್ತಾರೆ. 2017ರಿಂದ ಕುಣಿಗಲಿಗೂ ರೈಲಿನ ಅನುಕೂಲವಾಗಿದೆ. ದಂಪತಿಗಳಿಬ್ಬರೂ ಉದ್ಯೋಗಕ್ಕೆ ಹೋದ ಮನೆಯು ಹಗಲೆಲ್ಲ ಬೀಗ ಹಾಕಿಕೊಂಡಿರುತ್ತದೆ. ಶಿವರಾತ್ರಿಯ ಕಾಲದ ಸಿದ್ಧಗಂಗೆಯ ಜಾತ್ರೆಗೋ ಮದುವೆಗೋ ಹೋದವರ ಮನೆಯೂ ಹಾಗೆಯೇ. ಹೊಸ ಬಡಾವಣೆಯಲ್ಲಿ ಹತ್ತು ವರ್ಷ ಅಕ್ಕಪಕ್ಕ ಬಾಳಿದವರು ಒಬ್ಬರ ಹೆಸರನ್ನೊಬ್ಬರು ಅರಿಯದಿರುವುದೂ ಉಂಟು. ಅಂತಹ ಬೀದಿಯಲ್ಲಿ ಸಾಮಾನನ್ನು ಹೊತ್ತು ಹೊರಡುವವನು ನೆಂಟನೋ ಕಳ್ಳನೋ ಎಂಬುದನ್ನು ಹೇಳುವವರು ಯಾರು?

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಎಚ್ಚರಿಕೆಯನ್ನು ಬೋಧಿಸಿದರೆ ಜನರು ಶಂಕೆಯನ್ನು ಕಲಿಯುವರಲ್ಲವೆ? ಈ ಭಯವು ನಿರಾಧಾರವಾದುದಲ್ಲ. 1871ರ ಕಾಯಿದೆಯೊಂದು ಕೆಲವು ಕುಲಗಳನ್ನೇ ಹುಟ್ಟುಕಳ್ಳರೆಂದು ಹೆಸರಿಸಿದ್ದಿತು. ಅದು ತೊಲಗಿದುದು 1952ರಲ್ಲಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವದಂತಿಯನ್ನು ನಂಬಿದ ಗುಂಪು ಹೊರನಾಡಿನಿಂದ ಬಂದ ತರುಣನೊಬ್ಬನನ್ನು ಹೊಡೆದು ಕೊಂದಿತು. ಮೃಚ್ಛಕಟಿಕದಲ್ಲಿ ಗೋಡೆಗೆ ಕನ್ನವಿಟ್ಟವನು ವೇದವಿದನ ಮಗನಾದ ಶರ್ವಿಲಕ. ಲೋಕವು ತನ್ನನ್ನೇ ಶಂಕಿಸೀತೆಂದು ಹೆದರಿದವನು ನಿರಪರಾಧಿಯಾದ, ಬಡವನಾದ ಚಾರುದತ್ತ. ಉಡುಪಿನಿಂದಲೂ ಕುಲದಿಂದಲೂ ಕಳ್ಳನನ್ನು ಗುರುತಿಸಹೊರಡುವವನಿಗೆ ಈ ಉದಾಹರಣೆಯೊಂದೇ ಸಾಕು.

ಆದರೆ ಎಚ್ಚರಿಕೆಯೂ ಶಂಕೆಯೂ ಒಂದಲ್ಲ. ಶಂಕೆಯು ಅಪರಿಚಿತನನ್ನು ದಿಟ್ಟಿಸುತ್ತದೆ. ಎಚ್ಚರಿಕೆಯು ಪರಿಚಿತನ ಮನೆಯನ್ನು ನೋಡಿಕೊಳ್ಳುತ್ತದೆ. ನೆರೆಯವರನ್ನು ಅರಿತವನಿಗೆ ಬೀದಿಯಲ್ಲಿ ಹೋಗುವವರನ್ನೆಲ್ಲ ಅಡ್ಡಗಟ್ಟುವ ಅವಶ್ಯಕತೆಯಿಲ್ಲ. ಊರಿಗೆ ಹೋಗುವಾಗ ಪಕ್ಕದ ಮನೆಗೆ ಹೇಳಿಹೋಗುವುದು, ಅವರ ಬಾಗಿಲಲ್ಲಿ ಬಿದ್ದ ಪತ್ರಿಕೆಯನ್ನು ಎತ್ತಿಡುವುದು, ಸಂಜೆ ದೀಪ ಹಾಕುವುದು, ಅಕಾಲದಲ್ಲಿ ಸದ್ದಾದರೆ 112ಕ್ಕೆ ಕರೆ ಮಾಡುವುದು, ಇವಿಷ್ಟಕ್ಕೆ ಶೌರ್ಯವು ಬೇಡ. ಕಣ್ಣೆದುರಿಗೇ ಕನ್ನವಿಡುವವನು ಸಿಕ್ಕಿದರೂ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಆರು ಗಂಟೆಯೊಳಗೆ ಅವನನ್ನು ಪೊಲೀಸರಿಗೆ ಒಪ್ಪಿಸಬೇಕು; ದಂಡಿಸುವ ಅಧಿಕಾರವು ಹಿಡಿದವನಿಗಿಲ್ಲ.

ಕಳ್ಳನು ಒಯ್ದ ಒಡವೆಯು ಮರಳಿ ದೊರೆತರೂ ದೊರೆಯಬಹುದು. ನೆರೆಮನೆಯವನು ಕಂಡೂ ಕಾಣದಂತಿದ್ದನೆಂಬ ನೋವು ಅಷ್ಟು ಸುಲಭವಾಗಿ ಹೋಗದು. ತನ್ನ ಮನೆಗೆ ಬಯಸುವ ಕಾವಲನ್ನು ಪರರ ಮನೆಗೂ ಸಲ್ಲಿಸುವುದೇ ಗೃಹಸ್ಥಧರ್ಮ.