ಇಂದಿನ ಚಿಂತನೆ: ಕಣೆ ನೊಣ ಮತ್ತು ಮೊದಲ ಶೀಲ



ಕಳೆದ ಭಾನುವಾರ ಪಂಚಶೀಲ ಹೇಳಿ ಮುಗಿಸಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ಪ್ರಾಣಿಹತ್ಯೆ ಮಾಡಲ್ಲ ಅಂತ ಇಲ್ಲಿ ಹೇಳ್ತೀವಿ, ಬೆಳಗಾದ್ರೆ ಗದ್ದೆಗೆ ಔಷಧಿ ಹೊಡೀತೀವಿ. ಸುಳ್ಳಾಡಿದಂಗಲ್ವಾ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಕಣೆ ನೊಣ ನೆನಪಾಯಿತು.

ಭತ್ತ ಬೆಳೆಯುವವರಿಗೆ ಅದು ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ಸೊಳ್ಳೆಯಷ್ಟೇ ಇರುವ, ಕೆಂಪು ಮೈಯ ನೊಣ. ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಇಬ್ಬನಿಯ ತೇವದಲ್ಲಿ ತೆವಳಿ ಸುಳಿಗೆ ಇಳಿದು ತಿನ್ನತೊಡಗಿದರೆ, ಪೈರು ತಾನೇ ಅದರ ಸುತ್ತ ಮನೆ ಕಟ್ಟಿಕೊಡುತ್ತದೆ. ತೆನೆಯಾಗಬೇಕಿದ್ದ ಸುಳಿ ಈರುಳ್ಳಿ ಎಲೆಯಂತೆ ಪೊಳ್ಳು ಕೊಳವೆಯಾಗಿ ಬೆಳ್ಳಗೆ ಮೇಲೇಳುತ್ತದೆ. ಅಲ್ಲಿಗೆ ಆ ತೆಂಡೆಯ ಕಥೆ ಮುಗಿಯಿತು.

ಅಪ್ಪ ಜೀತ ಬಿಟ್ಟ ಮೇಲೆ ಕೂಲಿ ಮಾಡಿ ಕೊಂಡ ಮುಕ್ಕಾಲು ಎಕರೆಯಲ್ಲಿ ಒಂದು ವರ್ಷ ಎಲ್ಲಿ ನೋಡಿದರೂ ಈ ಕೊಳವೆಗಳೇ. ಸಾಲ ಮಾಡಿ ಔಷಧಿ ತಂದು ಹೊಡೆದೆ. ಅಪ್ಪ ಒಂದು ಕೊಳವೆ ಕಿತ್ತು ಕೈಗಿಟ್ಟರು. ತುದಿಯಲ್ಲಿ ಸಣ್ಣ ತೂತು, ತೂತಿನಲ್ಲಿ ಸಿಕ್ಕಿಕೊಂಡ ಕೋಶದ ಸಿಪ್ಪೆ. ನೊಣ ಹಾರಿಹೋಗಿತ್ತು. ಕೊಳವೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹುಳುವಿನ ಕೆಲಸ ಮುಗಿದಿರುತ್ತದೆ. ಆ ತೆಂಡೆಯಲ್ಲಿ ತೆನೆ ತರಿಸುವ ಔಷಧಿ ಯಾವುದೂ ಇಲ್ಲ. (ಅಂಗಡಿಯವನು ಇದನ್ನು ಹೇಳಲಿಲ್ಲ. ಹೇಳಿದರೆ ಅವನ ವ್ಯಾಪಾರ?) ಔಷಧಿಗೆ ಸಿಕ್ಕುವುದು ಬೇರೆಯವು: ಜೇಡ, ಏರೋಪ್ಲೇನ್ ಚಿಟ್ಟೆ, ಕಣೆ ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಟ್ಟು ಅದರ ಸಂತಾನವನ್ನು ಮುಗಿಸುವ ಪುಟ್ಟ ಕಣಜ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯನ್ನು ತತ್ತ್ವವೆಂದು ಕಾಣುತ್ತಾರೆ, ಕಟ್ಟುನಿಟ್ಟಿನ ನಿಯಮವೆಂದಲ್ಲ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎನ್ನುತ್ತಾರೆ. ಬಹಳ ವರ್ಷ ನಾನಿದನ್ನು ಒಂದು ರಿಯಾಯಿತಿಯಂತೆ ಓದಿಕೊಂಡಿದ್ದೆ. ಅನ್ನ ಬೆಳೆಯುವವರು ನಾವು, ನಮ್ಮದೆಲ್ಲ ಅಗತ್ಯವೇ ಎಂದು. ಆದರೆ ಬೇಗ ನಾಟಿ ಮಾಡಬಹುದಿತ್ತು, ನಿರೋಧಕ ತಳಿ ಹಾಕಬಹುದಿತ್ತು, ಬದುವಿನ ಹುಲ್ಲು ತೆಗೆಯಬಹುದಿತ್ತು. ಅಗತ್ಯವೆಂದರೆ ಅವೆಲ್ಲ ಮುಗಿದ ಮೇಲೆ ಉಳಿಯುವುದು.

ಹಿರಿಯರಿಗೆ ಈ ಭಾನುವಾರ ಹೇಳುತ್ತೇನೆ: ಪಂಪು ಹೊರುವ ಮುಂಚೆ ಒಂದು ಕೊಳವೆ ಕಿತ್ತು ತುದಿ ನೋಡಿ.

ಇನ್ನೊಂದನ್ನೂ ಹೇಳಬೇಕು. ಅಪ್ಪ ಆ ತೂತು ತೋರಿಸಿದ ಮರುದಿನ ನಾನು ಮತ್ತೊಮ್ಮೆ ಔಷಧಿ ಹೊಡೆದೆ. ಎಲ್ಲ ಗೊತ್ತಿದ್ದೇ ಹೊಡೆದೆ. ಅಪ್ಪ ಏನೂ ಅನ್ನಲಿಲ್ಲ, ಬದುವಿನ ಮೇಲೆ ಕೂತು ಬೀಡಿ ಹಚ್ಚಿದರು.