ಕಾಣದ ತಕ್ಕಡಿ

ಅಂಗಡಿಗೆ ಹೋಗಿ ನೀವು ಐದು ಕಿಲೋ ಅಕ್ಕಿ ಕೇಳುತ್ತೀರಿ. ಅಂಗಡಿಯವನು ತೂಗುವಾಗ ನಿಮ್ಮ ಕಣ್ಣು ತಕ್ಕಡಿಯ ಮೇಲಿರುತ್ತದೆ. ಸಂಶಯ ಬಂದರೆ ಮನೆಯಲ್ಲಿ ಇನ್ನೊಮ್ಮೆ ತೂಗಿ ನೋಡಬಹುದು. ಆದರೆ ಮನೆಗೆ ಇಂಟರ್‌ನೆಟ್ ಹಾಕಿಸಿಕೊಳ್ಳುವಾಗ ನಿಮ್ಮ ಕೈಗೆ ಬರುವುದೇನು? ಕೂದಲಿನಷ್ಟು ತೆಳುವಾದ ಗಾಜಿನ ಎಳೆಯಿರುವ ಒಂದು ಕೇಬಲ್, ಮಿಣುಕುವ ದೀಪಗಳ ಒಂದು ಪೆಟ್ಟಿಗೆ. ವೇಗ ಅಳೆಯುವ ಸಾಧನಗಳಿವೆ, ನಿಜ. ಅವು ತೋರಿಸುವ ಅಂಕಿಯ ಅರ್ಥ ತಿಳಿದವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ? ಇಲ್ಲಿ ತೂಗುವವನೂ ಮಾರುವವನೇ, ತಕ್ಕಡಿಯೂ ಅವನದೇ, ಅದು ಇರುವುದೂ ಅವನ ಬೀಗ ಹಾಕಿದ ಕೋಣೆಯಲ್ಲಿ. ಕೊಳ್ಳುವವನಿಗೆ ಕಾಣದ ಕಡೆ ಪ್ರಾಮಾಣಿಕತೆ ಎಂದರೆ ಏನು ಎಂಬ ಪ್ರಶ್ನೆ ಆದ್ದರಿಂದಲೇ ಈ ವ್ಯಾಪಾರದಲ್ಲಿ ಬಹಳ ತೀಕ್ಷ್ಣವಾಗಿ ಏಳುತ್ತದೆ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ಸರಕಾರಿ ಸಂಸ್ಥೆಯಾಗಿದ್ದ ವಿದೇಶ ಸಂಚಾರ ನಿಗಮದ ಮೂಲಕ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಇಡೀ ದೇಶಕ್ಕೊಂದು, ರಾಜ್ಯದಷ್ಟು ವ್ಯಾಪ್ತಿಗೊಂದು, ಹೆಚ್ಚು ಕಡಿಮೆ ಜಿಲ್ಲೆಯಷ್ಟು ಪ್ರದೇಶಕ್ಕೊಂದು ಎಂದು ಪರವಾನಿಗೆಯಲ್ಲಿ ಮೂರು ದರ್ಜೆಗಳಾದವು. ಸಣ್ಣ ಬಂಡವಾಳದವನೂ ಕಾಲಿಡಲು ಸಾಧ್ಯವಾದದ್ದು ಆ ಮೂರನೆಯ ದರ್ಜೆಯಿಂದ. ಮುಂದೆ ಎಷ್ಟೋ ಪೇಟೆಗಳಲ್ಲಿ ಕೇಬಲ್ ಟಿ.ವಿ. ನಡೆಸುತ್ತಿದ್ದ ಯುವಕರೇ ಈ ಕೆಲಸಕ್ಕೂ ಇಳಿದರು.

ಘಟ್ಟದ ಬುಡದ ಒಂದು ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನೇ ಆರಂಭಿಸಿದ್ದಾನೆ. ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ನನ್ನ ಬಳಿ ಬಂದು ಕೂತ. "ಉಸ್ತಾದ್, ನಾನು ಮೇಲಿನ ಕಂಪೆನಿಯಿಂದ ಕೊಳ್ಳುವುದು 1000 ಎಂಬಿಪಿಎಸ್. 500 ಮನೆಗಳಿಗೆ ತಲಾ 100 ಎಂದು ಹೇಳಿ ಮಾರುತ್ತೇನೆ. ಲೆಕ್ಕ ಹಾಕಿದರೆ 50,000 ಆಗುತ್ತದೆ. ಕೈಯಲ್ಲಿ ಇಲ್ಲದ್ದನ್ನು ಮಾರಬಾರದೆಂದು ನೀವೇ ಕಲಿಸಿದ್ದಲ್ಲವೇ?"

ಹೌದು, ನಾನೇ ಕಲಿಸಿದ್ದು. ಪ್ರವಾದಿವರ್ಯರು(ಸ) ಹಕೀಮ್ ಬಿನ್ ಹಿಝಾಮ್‌ರಿಗೆ(ರ) ಕೊಟ್ಟ ಉಪದೇಶ ಅದು. ತಕ್ಷಣ ಉತ್ತರ ಹೊಳೆಯಲಿಲ್ಲ. ಎದುರಿಗಿದ್ದ ಹೌಝಿನತ್ತ ಕೈ ತೋರಿಸಿದೆ. ಮಸೀದಿಯಲ್ಲಿ ಹನ್ನೆರಡು ನಳ್ಳಿಗಳು, ಜುಮಾಕ್ಕೆ ಬರುವವರು ಮುನ್ನೂರು ಮಂದಿ. ಎಲ್ಲರೂ ಒಂದೇ ಗಳಿಗೆಯಲ್ಲಿ ವುಝೂ ಮಾಡುವುದಿಲ್ಲವಾದ್ದರಿಂದ ಕೆಲಸ ನಡೆಯುತ್ತದೆ. "ಆದರೆ ಉಸ್ತಾದ್, ಮಸೀದಿ ನೀರು ಮಾರುವುದಿಲ್ಲ, ನಾನು ಮಾರುತ್ತೇನೆ" ಎಂದ. ಮಾತು ಸರಿಯಾಗಿತ್ತು.

ಆಗ ನೆನಪಾದದ್ದು ಫಿಕ್ಹ್ ಗ್ರಂಥಗಳ ಸ್ನಾನಗೃಹ. ಹಿಂದಿನ ಪಟ್ಟಣಗಳಲ್ಲಿ ಹಣ ಕೊಟ್ಟು ಹೋಗುವ ಹಮ್ಮಾಮ್‌ಗಳಿದ್ದವು. ಒಬ್ಬ ನಾಲ್ಕು ತಂಬಿಗೆಯಲ್ಲಿ ಮುಗಿಸುತ್ತಾನೆ, ಇನ್ನೊಬ್ಬ ತಾಸುಗಟ್ಟಲೆ ಕೂರುತ್ತಾನೆ. ನೀರಿನ ಅಳತೆಯೂ ಇಲ್ಲ, ಸಮಯದ ಅಳತೆಯೂ ಇಲ್ಲ. ಶುಲ್ಕ ಮಾತ್ರ ಒಂದೇ. ವ್ಯವಹಾರದಲ್ಲಿ ಅನಿಶ್ಚಿತತೆಯನ್ನು ಇಸ್ಲಾಮ್ ಒಪ್ಪುವುದಿಲ್ಲ, ಆದರೂ ಇದು ಸಮ್ಮತವೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿದೆಯೆಂದು ಇಮಾಮ್ ನವವಿ(ರ) ಬರೆದಿದ್ದಾರೆ. ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಹಮ್ಮಾಮ್‌ಗೆ ಕಾಲಿಡುವ ಪ್ರತಿಯೊಬ್ಬನಿಗೂ ಅಲ್ಲಿ ಇತರರೂ ಇರುತ್ತಾರೆಂದು ಗೊತ್ತು. ಹಂಚಿಕೊಳ್ಳುವ ಸೌಕರ್ಯಕ್ಕೆ ತಾನು ಹಣ ಕೊಡುತ್ತಿದ್ದೇನೆ ಎಂಬ ಅರಿವಿನಿಂದಲೇ ಅವನು ಕೊಡುತ್ತಾನೆ.

ಹಾಗಾದರೆ ಗಂಟು ಇರುವುದು ಹಂಚಿಕೆಯಲ್ಲಿ ಅಲ್ಲ. ನಿಮ್ಮ ಗಿರಾಕಿಗೆ ಅದು ಗೊತ್ತಿದೆಯೇ? ಫಲಕದಲ್ಲಿ '100 ಎಂಬಿಪಿಎಸ್ ತನಕ' ಎಂದು ಬರೆಸುತ್ತಾರೆ. 100 ಎಂಬುದು ಮೊಳದಷ್ಟು ದೊಡ್ಡದು, 'ತನಕ' ಎಂಬುದು ಇರುವೆಯಷ್ಟು. 'ಅಪರಿಮಿತ' ಎಂದು ಮಾರಿ, ಒಂದು ಮಿತಿ ದಾಟಿದೊಡನೆ ಸದ್ದಿಲ್ಲದೆ ವೇಗ ಇಳಿಸುವ ಪದ್ಧತಿ ಎಷ್ಟು ಬೆಳೆದಿತ್ತೆಂದರೆ, ಆ ಮಿತಿಯನ್ನು ಗಿರಾಕಿಗೆ ತಿಳಿಸಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2012ರಲ್ಲಿ ನಿರ್ದೇಶನ ಹೊರಡಿಸಬೇಕಾಯಿತು. ಸತ್ಯ ಹೇಳಿಸಲು ಸರಕಾರಿ ಆದೇಶ ಬೇಕಾಯಿತು!

ನೀವು ಕೇಳಿರುವ ಒಂದು ಘಟನೆಯನ್ನು ಇಲ್ಲಿ ಮತ್ತೊಮ್ಮೆ ನಿಧಾನವಾಗಿ ನೋಡಬೇಕು. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ವಿಚಾರಿಸಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ), ವಂಚಿಸುವವನು ತಮ್ಮವನಲ್ಲ ಎಂದರು. ಮಳೆಗಾಗಿ ಅವರು ಆ ವ್ಯಾಪಾರಿಯನ್ನು ಗದರಿಸಲಿಲ್ಲ. ಮಳೆ ಅಲ್ಲಾಹನದು. ಒದ್ದೆಯನ್ನು ಕೆಳಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ ಕೈ ಮಾತ್ರ ವ್ಯಾಪಾರಿಯದು.

ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತು. ಮರ ಬಿದ್ದು ಕೇಬಲ್ ತುಂಡಾಗುತ್ತದೆ, ಸಿಡಿಲಿಗೆ ಪೆಟ್ಟಿಗೆಗಳು ಸುಟ್ಟುಹೋಗುತ್ತವೆ, ಕರೆಂಟು ಎರಡು ದಿನ ಬಾರದಿದ್ದರೆ ಬ್ಯಾಟರಿ ಕೈಕೊಡುತ್ತದೆ. ಇದು ಯಾರ ತಪ್ಪೂ ಅಲ್ಲ. ಆದರೆ ಕೇಬಲ್ ತುಂಡಾದ ಜಾಗವೇ ಇನ್ನೂ ಸಿಕ್ಕಿರದಾಗ "ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ" ಎನ್ನುವುದು, ಆಮೇಲೆ ಫೋನ್ ಆರಿಸಿಡುವುದು, ಸಂಪರ್ಕವೇ ಇಲ್ಲದ ನಾಲ್ಕು ದಿನಗಳಿಗೂ ತಿಂಗಳ ಕೊನೆಗೆ ಪೂರ್ತಿ ಹಣ ಎಣಿಸಿಕೊಳ್ಳುವುದು, ಇವೆಲ್ಲ ಒಣ ಧಾನ್ಯ ಹರಡುವ ಕೆಲಸಗಳೇ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲಿನ ಕಂಪೆನಿ ಕೊಡುವ ವೇಗ ಕೊಂಚ ಕುಗ್ಗಿದರೂ ಇವನು ಅರ್ಧರಾತ್ರಿಯಲ್ಲಿ ಫೋನ್ ಮಾಡಿ ಜಗಳವಾಡುತ್ತಾನೆ, ಪರಿಹಾರ ಕೇಳುತ್ತಾನೆ. ಗಿರಾಕಿ ಕೇಳಿದರೆ "ನಿಮ್ಮ ಮೊಬೈಲಿನದ್ದೇ ದೋಷ" ಎನ್ನುತ್ತಾನೆ. ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವಿದೆಯೆಂದು ಸೂರಃ ಅಲ್ ಮುತಫ್ಫಿಫೀನ್ ಎಚ್ಚರಿಸುವುದು ಇಂತಹ ಎರಡು ಅಳತೆಯ ಮನುಷ್ಯನನ್ನೇ.

ಮೊಬೈಲಿನ ದೋಷ ಇರುವುದೂ ಉಂಟು. ಎರಡು ಗೋಡೆಯಾಚೆ ಕೂತು ವೈಫೈ ಬರುವುದಿಲ್ಲ ಎನ್ನುವವರಿದ್ದಾರೆ. ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಕಡತವನ್ನು ಬೈಟ್‌ನಲ್ಲಿ ಅಳೆಯುತ್ತಾರೆ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಪೂರ್ತಿ ಬಂದರೂ ಕಂಪ್ಯೂಟರಿನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಎಂದೇ ಕಾಣುವುದು. ಇದು ತಿಳಿಯದೆ ಒಬ್ಬ ಪ್ರಾಮಾಣಿಕನನ್ನು ಬೀದಿಯಲ್ಲಿ ನಿಂತು ಕಳ್ಳನೆಂದು ಕರೆದರೆ ಪಾಪ ಕರೆದವನ ತಲೆಗೆ. ಕೊಳ್ಳುವವನಿಗೂ ಧರ್ಮವಿದೆ.

ಅಳತೆಯ ಮಾತು ಇಷ್ಟಾಯಿತು. ಈ ವ್ಯಾಪಾರಿಯ ಕೈಯಲ್ಲಿ ಅಳತೆಗಿಂತ ದೊಡ್ಡ ಅಮಾನತ್ತು ಇನ್ನೊಂದಿದೆ. ಯಾವ ಮನೆಯವರು ಎಷ್ಟು ಹೊತ್ತಿಗೆ ಯಾವ ತಾಣಕ್ಕೆ ಹೋದರೆಂಬುದನ್ನು ಅವನು ಮನಸ್ಸು ಮಾಡಿದರೆ ಬಹುಮಟ್ಟಿಗೆ ತಿಳಿಯಬಲ್ಲ. ಒಳಗಿನ ಮಾತುಗಳು ಇಂದು ಹೆಚ್ಚಾಗಿ ಗೂಢಲಿಪಿಯಲ್ಲಿರುತ್ತವೆ, ಆದರೆ ಬಾಗಿಲಿನ ಹೆಸರು ಸಾಮಾನ್ಯವಾಗಿ ಕಾಣುತ್ತದೆ. ಒಬ್ಬ ತಂದೆ ನನ್ನ ಆ ವಿದ್ಯಾರ್ಥಿಯ ಅಂಗಡಿಗೆ ಬಂದು ತಗ್ಗಿದ ಸ್ವರದಲ್ಲಿ ಕೇಳಿದರಂತೆ: "ಮಗ ರಾತ್ರಿ ಎರಡು ಗಂಟೆಯ ತನಕ ಏನು ನೋಡುತ್ತಾನೆ, ಪಟ್ಟಿ ಕೊಡು ಮೋನೇ. ಬಿಲ್ಲು ಕಟ್ಟುವವನು ನಾನು."

ಓದುಗರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕೇಳಿದವರಲ್ಲಿ ಅರ್ಧದಷ್ಟು ಮಂದಿ ಕೊಡಬಹುದೆಂದರು. ತಂದೆಯ ಉದ್ದೇಶ ಒಳ್ಳೆಯದು, ಆತಂಕ ನಿಜವಾದದ್ದು. ಆದರೆ ಆ ಸಂಪರ್ಕವನ್ನು ಬಳಸುವವರಲ್ಲಿ ತಾಯಿಯಿದ್ದಾಳೆ, ಸೊಸೆಯಿದ್ದಾಳೆ. ಕಾಯಿಲೆಯ ಬಗ್ಗೆ ಯಾರಿಗೂ ಹೇಳದೆ ಓದಿಕೊಂಡವರಿರಬಹುದು. ಇಂದು ತಂದೆಗೆ ಕೊಟ್ಟವನ ಬಳಿಗೆ ನಾಳೆ ಹುಡುಗನ ಗುಣ ವಿಚಾರಿಸಲು ಹೆಣ್ಣಿನ ಕಡೆಯವರು ಬರುತ್ತಾರೆ. ಕಾನೂನಿನಂತೆ ಅಧಿಕಾರಿಗಳಿಗೆ ಒಪ್ಪಿಸಬೇಕಾದ ದಾಖಲೆಯ ಮಾತು ಬೇರೆ. ಸೂರಃ ಅಲ್ ಹುಜುರಾತ್ ಪರರ ಗುಟ್ಟನ್ನು ಕೆದಕುವುದನ್ನು ನಿಷೇಧಿಸುವಾಗ, ಕೆದಕುವ ಸಲಕರಣೆ ಕೈಯಲ್ಲೇ ಇರುವವನಿಗೆ ವಿನಾಯಿತಿ ಕೊಟ್ಟಿಲ್ಲ. ನನ್ನ ವಿದ್ಯಾರ್ಥಿ ಪಟ್ಟಿ ಕೊಡಲಿಲ್ಲ. "ರಾತ್ರಿ ಹನ್ನೊಂದಕ್ಕೆ ನಿಮ್ಮ ಮನೆಯ ಸಂಪರ್ಕ ತಾನೇ ನಿಲ್ಲುವ ಹಾಗೆ ಮಾಡಿಕೊಡುತ್ತೇನೆ ಕಾಕಾ. ಆದರೆ ಮಗನಿಗೆ ಹೇಳಿಯೇ ಮಾಡಿಸಿ" ಎಂದ. ಅವರು ಸಿಟ್ಟಿನಿಂದ ಎದ್ದು ಹೋದರು.

ವಿಶ್ವಾಸ ಗಳಿಸಿದರೆ ಗಿರಾಕಿ ಬರುತ್ತಾನೆ ಎನ್ನುತ್ತಾರೆ. ಅದಕ್ಕೆಂದೇ ಪ್ರಾಮಾಣಿಕನಾದರೆ, ಗಿರಾಕಿಗೆ ಗೊತ್ತಾಗದ ಕಡೆ ಅಪ್ರಾಮಾಣಿಕನಾಗಲು ಏನು ಅಡ್ಡಿ? ಮಕ್ಕಾದ ಜನರು ಪ್ರವಾದಿ(ಸ)ರನ್ನು 'ಅಲ್ ಅಮೀನ್' ಎಂದು ಕರೆದದ್ದು ಪ್ರವಾದಿತ್ವಕ್ಕೆ ಮೊದಲೇ. ಅವರನ್ನು ಕೊಲ್ಲಲು ಸಂಚು ನಡೆದ ರಾತ್ರಿಯೂ ಆ ಊರಿನವರ ಒಡವೆಗಳು ಅವರ ಬಳಿ ಇದ್ದವು. ಅವನ್ನು ಹಿಂದಿರುಗಿಸಲೆಂದು ಅಲೀ(ರ)ಯವರನ್ನು ಹಿಂದೆ ಬಿಟ್ಟು ಅವರು ಹಿಜ್ರಾ ಹೊರಟರು. ಆ ಒಡವೆ ಹಿಂದಿರುಗಿಸಿದ್ದರಿಂದ ಮಕ್ಕಾದಲ್ಲಿ ಅವರಿಗೆ ಬರಬೇಕಾದ ಲಾಭ ಯಾವುದೂ ಉಳಿದಿರಲಿಲ್ಲ.

ಕಳೆದ ವರ್ಷ ದೊಡ್ಡ ಕಂಪೆನಿಯೊಂದು ಅದೇ ಪೇಟೆಗೆ ಕಡಿಮೆ ದರದಲ್ಲಿ ಬಂತು. ನನ್ನ ವಿದ್ಯಾರ್ಥಿಯ ನಲವತ್ತು ಮನೆಗಳು ಅತ್ತ ಹೋದವು. ಮಳೆಗಾಲದ ನಾಲ್ಕು ದಿನಗಳ ಹಣವನ್ನು ಕೇಳುವ ಮೊದಲೇ ಬಿಲ್ಲಿನಿಂದ ಕಳೆದುಕೊಟ್ಟಿದ್ದ ಮನೆಗಳೂ ಅದರಲ್ಲಿದ್ದವು. "ಸತ್ಯ ಹೇಳಿ ದೋಷ ತಿಳಿಸಿದರೆ ವ್ಯಾಪಾರದಲ್ಲಿ ಬರ್ಕತ್ ಇದೆ ಅಂದಿದ್ದಿರಿ ಉಸ್ತಾದ್" ಎಂದ. ಬರ್ಕತ್ತನ್ನು ಮನೆಗಳ ಸಂಖ್ಯೆಯಲ್ಲಿ ಎಣಿಸಲು ನನಗೆ ಬರುವುದಿಲ್ಲ. ಅವನಿಗೆ ಸಮಾಧಾನವಾಗುವ ಉತ್ತರವನ್ನು ನಾನು ಕೊಡಲಿಲ್ಲ.

ಮೊನ್ನೆ ಅವನ ಅಂಗಡಿಗೆ ಹೋಗಿದ್ದೆ. ಹೊಸ ಗಿರಾಕಿ ಅರ್ಜಿ ತುಂಬುವ ಮೇಜಿನ ಎದುರಿಗೇ ಒಂದು ಹಾಳೆ ಅಂಟಿಸಿದ್ದಾನೆ: 'ಈ ಸಂಪರ್ಕವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ರಾತ್ರಿ 8ರಿಂದ 10ರ ತನಕ, ಕ್ರಿಕೆಟ್ ಪಂದ್ಯದ ದಿನಗಳಲ್ಲಿ, 100ರ ವೇಗ 40ಕ್ಕೆ ಇಳಿಯಬಹುದು.' ಇದನ್ನು ಓದಿ ಬಂದವರೂ ಹಿಂದಿರುಗುತ್ತಾರೆ, ತೆಗೆದುಹಾಕು ಎಂದು ಅವನ ಅಣ್ಣ ಎರಡು ಸಲ ಹೇಳಿದ್ದಾನಂತೆ. ಹಾಳೆ ಇನ್ನೂ ಅಲ್ಲೇ ಇತ್ತು.